ಕೊನೆಯ ಓವರಿಗೆ ಮಾತ್ರ ಬರುವವನು

ಅಮೆರಿಕದ ಹಾಲಿನ ಕ್ಯಾನಿಗೂ ನನ್ನ ಬಲ ಮೊಣಕೈಗೂ ಹಳೆಯ ವೈರ. ಫ್ರಿಜ್ಜಿನಿಂದ ಎತ್ತಿದೊಡನೆ ಕೀಲು ಕಟಕ್ಕೆನ್ನುತ್ತದೆ. ಆ ಪ್ರಭಾತಘೋಷ ಕೇಳಿದವರಿಗೆ, ಈ ಆಸಾಮಿ ಒಂದಾನೊಂದು ಕಾಲದಲ್ಲಿ ಜಪಾನಿನ ಬೇಸ್‌ಬಾಲ್ ಪಿಚ್ಚರನೊಬ್ಬನ ಪರೋಕ್ಷ ಶಿಷ್ಯನಾಗಿದ್ದನೆಂದು ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಲಾಸ್ ಏಂಜಲೀಸಿನ ಪಕ್ಕದ ನಮ್ಮೂರು ಟೊರೆನ್ಸಿನಲ್ಲಿ ನಗುವುದಕ್ಕೆ ಪರ್ಮಿಟ್ ಬೇಕಿಲ್ಲ.

ನನ್ನ ಗುರುವಿನ ವೃತ್ತಿಜೀವನವೇ ಒಂದು ಸೋಜಿಗ. ತನ್ನ ದೇಶದಲ್ಲಿ ವರ್ಷಾನುಗಟ್ಟಲೆ ಚೆಂಡೆಸೆದು, ಓರಗೆಯವರೆಲ್ಲ ನಿವೃತ್ತರಾಗಿ ಹೊಟ್ಟೆ ಬೆಳೆಸುವ ವಯಸ್ಸಿನಲ್ಲಿ, ಆ ಪುಣ್ಯಾತ್ಮ ೨೦೦೬ರಲ್ಲಿ ಲಾಸ್ ಏಂಜಲೀಸ್ ತಂಡಕ್ಕೆ ಹೊಸಬನಾಗಿ ಬಂದ. ಅವನಿಗೂ ನನಗೂ ಒಂದೇ ವಯಸ್ಸು; ಹೊಟ್ಟೆ ಮಾತ್ರ ನನ್ನದು. ಅವನ ಹುದ್ದೆಯ ಹೆಸರು ಕ್ಲೋಸರ್. ಪಂದ್ಯವಿಡೀ ಬುಲ್‌ಪೆನ್ ಎಂಬ ಆವರಣದಲ್ಲಿ ಕೂತಿದ್ದು, ಕೈ ಬಿಸಿ ಮಾಡಿಕೊಂಡು, ಕೊನೆಯಲ್ಲಿ ಗಂಭೀರವಾಗಿ ನಡೆದು ಬಂದು, ಎದುರಾಳಿಗಳನ್ನು ಔಟ್ ಮಾಡಿ ಗೆಲುವಿಗೆ ಬೀಗ ಜಡಿಯುವುದಷ್ಟೇ ಕೆಲಸ. ಆಹಾ, ಎಂಥ ನೌಕರಿ! ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನ ಒಂದೇ ಪದದಲ್ಲಿ ನನ್ನನ್ನು ಸಾಗಹಾಕುವ ಮಗಳು, ಟಿವಿಯಲ್ಲಿ ಅವನು ಮೈದಾನಕ್ಕಿಳಿದಾಗ ಮಾತ್ರ ನನಗೆ ಅಂಟಿಕೊಂಡು ಕೂತು, ಅವನ ಒಂದೊಂದು ಎಸೆತವನ್ನೂ ವಿವರಿಸುತ್ತಿದ್ದಳು. ಆ ಕಣ್ಣುಗಳು ಒಮ್ಮೆಯಾದರೂ ನನ್ನ ಕಡೆ ಹಾಗೆ ಅರಳಬೇಕೆಂಬ ದುರಾಸೆ ನನಗೆ ಹುಟ್ಟಿದ್ದು ಆ ಸೋಫಾದ ಮೇಲೆಯೇ.

ಅವಕಾಶ ಒದಗಿದ್ದು ಕನ್ನಡಿಗರ ಪಿಕ್ನಿಕ್ಕಿನಲ್ಲಿ. ಸ್ಕ್ರಿಪ್ಸ್ ರ್ಯಾಂಚಿನ ಪಾರ್ಕಿನಲ್ಲಿ ಲಾಸ್ ಏಂಜಲೀಸಿನವರಿಗೂ ಸಾನ್ ಡಿಯೇಗೋದವರಿಗೂ ಟೆನಿಸ್ ಚೆಂಡಿನ ಕ್ರಿಕೆಟ್. ನಮ್ಮ ಕ್ಯಾಪ್ಟನ್ ರಶೀದನಿಗೆ ನಾನು ಮೊದಲೇ ಹೇಳಿಬಿಟ್ಟೆ: ಬ್ಯಾಟ್ ಮಾಡುವುದಿಲ್ಲ, ಫೀಲ್ಡಿಂಗ್ ಮಾಡುವುದಿಲ್ಲ, ಕೊನೆಯ ಓವರಿಗೆ ಮಾತ್ರ ಬರುತ್ತೇನೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಫೀಲ್ಡಿಂಗ್ ಇಲ್ಲದಿದ್ದರೆ ತಂಡಕ್ಕೇ ಒಳ್ಳೆಯದೆಂದು ಒಪ್ಪಿದ. ನಾನು ಮರದಡಿ ಬುಲ್‌ಪೆನ್ ಸ್ಥಾಪಿಸಿ, ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಮೈಸೂರುಪಾಕಿನ ಸಮ್ಮುಖದಲ್ಲಿ ಧ್ಯಾನಸ್ಥನಾದೆ. ನಡುನಡುವೆ ಎದ್ದು, ಟಿವಿಯಲ್ಲಿ ಕಂಡಂತೆಯೇ ಮರದ ಬುಡಕ್ಕೆ ಚೆಂಡೆಸೆದು ಕೈ ಬಿಸಿ ಮಾಡಿಕೊಂಡೆ.

ಕೊನೆಯ ಓವರಿನಲ್ಲಿ ಅವರಿಗೆ ಬೇಕಿದ್ದದ್ದು ನಾಲ್ಕೇ ರನ್. ಮಗಳು ಬೌಂಡರಿಯಲ್ಲಿ ನಿಂತಿದ್ದಳು, ಕಣ್ಣು ನನ್ನ ಮೇಲೆ! ನಾನು ಗಂಭೀರವಾಗಿ ನಡೆದು ಬಂದು, ಓಡಿ, ಎಸೆದೆ.

"ನೋ ಬಾಲ್! ಕೈ ಮಡಚ್ತಾ ಇದೀಯಲ್ಲಪ್ಪಾ!" ಎಂದರು ಅಂಪೈರ್ ಆಗಿದ್ದ ರಶೀದನ ತಾಯಿ, ಮೈಸೂರಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು.

ಅಯ್ಯೋ ಕರ್ಮವೇ! ಬೇಸ್‌ಬಾಲಿನಲ್ಲಿ ಮೊಣಕೈ ಮಡಚುವುದು ವಿದ್ಯೆ, ಕ್ರಿಕೆಟ್ಟಿನಲ್ಲಿ ಅಪರಾಧ. ಮೂರು ಬೇಸಿಗೆ ಸೋಫಾದ ಮೇಲೆ ಕಲಿತ ವಿದ್ಯೆ ಈಗ ಬಿಡಬೇಕೆಂದರೂ ಬಿಡಲೊಲ್ಲದು. ಮತ್ತೆ ನೋ ಬಾಲ್. ಮತ್ತೂ ಒಂದು. ನಾಲ್ಕನೆಯದಕ್ಕೆ ಆಂಟಿ ನಾನು ಎಸೆಯುವ ಮೊದಲೇ ಕೈ ಚಾಚಿಕೊಂಡು ನಿಂತಿದ್ದರು, ಎಸೆದ ಮೇಲೆ ಇಳಿಸಲೂ ಇಲ್ಲ. ಬ್ಯಾಟಿಗೆ ಚೆಂಡು ಸೋಕದೆ, ಲೆಕ್ಕಕ್ಕೆ ನನ್ನ ಓವರು ಇನ್ನೂ ಆರಂಭವೇ ಆಗದೆ, ಸಾನ್ ಡಿಯೇಗೋ ಗೆದ್ದುಬಿಟ್ಟಿತು. ರಶೀದ್ ತಲೆಯ ಮೇಲೆ ಕೈ ಹೊತ್ತು ಕೂತ. ಮಗಳು ನಗುತ್ತ ನಗುತ್ತ ಹುಲ್ಲಿನ ಮೇಲೆ ಉರುಳಾಡಿ, "ಅಪ್ಪಾ, ಯೂ ರಿಯಲಿ ಕ್ಲೋಸ್ಡ್ ದ ಗೇಮ್!" ಎಂದಳು. ನನಗೆ ನಿಜಕ್ಕೂ ಅಳು ಬಂದಿತ್ತು.

ಅದೇ ಬೇಸಿಗೆಯಲ್ಲಿ, ೨೦೦೮ರಲ್ಲಿ, ಗುರುವಿನ ಮೊಣಕೈಯೂ ಕೈಕೊಟ್ಟಿತು. ವಾಸಿಯಾಗಿ ಬಂದಾಗ ಕೊನೆಯ ಕೆಲಸಕ್ಕೆ ಬೇರೊಬ್ಬನಿದ್ದ. ಇವನು ಮಾತ್ರ ಕರೆ ಬಾರದ ದಿನವೂ ಬುಲ್‌ಪೆನ್ನಿನಲ್ಲಿ ಅದೇ ಶ್ರದ್ಧೆಯಿಂದ ಕೈ ಬಿಸಿ ಮಾಡಿಕೊಂಡು ಕೂರುತ್ತಿದ್ದ. ನಾನು ಅವನಿಂದ ನಡೆದು ಬರುವ ಗತ್ತನ್ನು ಕಲಿತಿದ್ದೆ, ಕಾಯುವುದನ್ನು ಕಲಿತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಫ್ರಿಜ್ ತೆರೆದೆ, ಕೀಲು ಕಟಕ್ಕೆಂದಿತು. ನನಗಿಂತ ಎತ್ತರಕ್ಕೆ ಬೆಳೆದಿರುವ ಮಗಳು ಹಿಂದಿನಿಂದ ಬಂದು, ಒಂದೇ ಕೈಯಲ್ಲಿ ಕ್ಯಾನನ್ನು ಕಸಿದುಕೊಂಡು, "ನೀನು ಬುಲ್‌ಪೆನ್ನಲ್ಲಿ ಕೂತ್ಕೋ ಅಪ್ಪಾ, ಬೇಕಾದಾಗ ಕರೀತೀನಿ" ಎಂದಳು. ಅಚ್ಚ ಕನ್ನಡದಲ್ಲಿ! ನಾನು ಹೋಗಿ ಸೋಫಾದ ಮೇಲೆ ಕೂತು, ಮೆಲ್ಲಗೆ ಕೈ ಬಿಸಿ ಮಾಡಿಕೊಳ್ಳತೊಡಗಿದೆ.