ಸಿಕ್ಕ ಮೇಲೂ ಹುಡುಕುವುದು

ವಿಜಯಲಕ್ಷ್ಮೀ ವಿಜಯಪುರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ರೈತರು ಇಟ್ಟ ಒಣದ್ರಾಕ್ಷಿ ಬಾಕ್ಸು ಯಾವ ರ‍್ಯಾಕಿನಲ್ಲಿದೆ ಎಂದು ಹುಡುಕುವ ಪ್ರೋಗ್ರಾಮನ್ನು ಬರೆದವಳೂ ಅವಳೇ. ಆದರೆ ಅದು ಬಲು ನಿಧಾನ. ಬಿಜ್ಜರಗಿಯ ರೈತರು ಕಿಟಕಿಯ ಮುಂದೆ ನಿಂತು ನಿಂತು ಬೇಸತ್ತಾಗ ಅವರಿಗಿಂತ ಹೆಚ್ಚು ಸಿಟ್ಟು ಅವಳಿಗೇ ಬರುತ್ತಿತ್ತು.

ಆ ಶನಿವಾರ ಜೊತೆಗೆ ಕೆಲಸ ಮಾಡುವ ಅಂಜುಮ ಪರದೆ ನೋಡಿ ನಕ್ಕಳು. "ಬಾಕ್ಸು ಮೊದಲನೇ ರ‍್ಯಾಕಿನಾಗ ಸಿಕ್ಕೈತಿ. ನಿನ್ನ ಲೂಪು ಇನ್ನೂ ಕಡೀ ರ‍್ಯಾಕಿನ ತನಕ ಹೊಂಟೈತಲ್ಲ, ಯಾಕ ಬೇ?"

ನಿಜ. ಬೇಕಾದದ್ದು ಸಿಕ್ಕ ಕೂಡಲೇ ಲೂಪಿನಿಂದ, ಅಂದರೆ ಒಂದೊಂದೇ ರ‍್ಯಾಕು ನೋಡುತ್ತ ಹೋಗುವ ಆ ಸುತ್ತಿನಿಂದ, ಹೊರಗೆ ಬಾ ಎಂದು ಹೇಳುವ 'ಬ್ರೇಕ್' ಅನ್ನೇ ಅವಳು ಬರೆದಿರಲಿಲ್ಲ. ಆ ಒಂದು ಪದ ಸೇರಿಸಿದ್ದೇ ತಡ, ಉತ್ತರ ತಟ್ಟನೆ ಬಂತು. ತನ್ನ ಮೇಲೆಯೇ ಸಿಡುಕುತ್ತ ಅವಳು ತಿಕೋಟಾದ ಬಸ್ಸು ಹತ್ತಿದಳು.

ಮನೆಯಲ್ಲಿ ಅಪ್ಪ ಶಿವಶರಣಪ್ಪ ಕಾಯುತ್ತಿದ್ದ. "ನಾಳೆ ಕನಮಡಿಯವರು ಕನ್ಯಾ ನೋಡಾಕ ಬರ್ತಾರವ್ವಾ."

ಹೋದ ತಿಂಗಳು ಅವಳನ್ನು ನೋಡಲು ಬಂದಿದ್ದ ನಿಡೋಣಿಯ ಸಿದ್ದರಾಮ ಅವಳ ಮನಸ್ಸಿಗೆ ಹಿಡಿಸಿದ್ದ. ಅಪ್ಪನೂ ಅವನನ್ನು ಮೆಚ್ಚಿದ್ದ. ಆದರೆ ಬರುತ್ತೇವೆ ಎಂದವರಿಗೆ ಬೇಡ ಎನ್ನಲಾರದೆ ವಾರವಾರವೂ ಅವಲಕ್ಕಿಗೆ ಒಗ್ಗರಣೆ ಹಾಕಿಸುತ್ತಿದ್ದ.

"ಯಪ್ಪಾ, ನಿಡೋಣಿ ಹುಡುಗ ನಿನಗ ಪಸಂದ ಇದ್ದಾನೋ ಇಲ್ಲೋ?"

"ಇದ್ದಾನ."

"ನನಗೂ ಇದ್ದಾನ. ಮತ್ತ ಯಾರನ್ನ ಹುಡುಕಾಕತ್ತೀ?"

ಶಿವಶರಣಪ್ಪ ಮೊಬೈಲು ಕೈಗೆತ್ತಿಕೊಂಡ. "ಕನಮಡಿಯವರಿಗೆ ಬರಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿ?"

"ನೀ ನಿಡೋಣಿಯವರಿಗೆ ಬರ್ರಿ ಅಂತ ಹೇಳು. ಕನಮಡಿಯವರಿಗೆ ನಾ ಹೇಳ್ತೀನಿ."