ವಿಲಾಸಿನಿಯ ಹತ್ತು ಬೀಜ

ಚೇರ್ತಲದ ನಮ್ಮ ಓಣಿಯ ವಿಲಾಸಿನಿಯನ್ನು ಮೂವತ್ತೆಂಟು ಸಾವಿರ ಜನರ ಮುಂದೆ ಮೋಸಗಾತಿ ಎಂದು ಬರೆದರು. ಬರೆದವರು ಯಾರೆಂದು ಇವತ್ತಿಗೂ ಹೇಳಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ವಿಲಾಸಿನಿಗೆ ಐವತ್ತೊಂಬತ್ತು. ತೆಂಗಿನ ನಾರು ಹೊಸೆದು ಹೊಸೆದು ಅಂಗೈ ಒರಟಾಗಿದೆ. ಗಂಡ ಮೀನಿಗೆ ಹಾಕುವ ಮಂಜುಗಡ್ಡೆಯ ಲಾರಿ ಓಡಿಸುತ್ತಾನೆ. ಅವಳಿಗಿರುವ ಹುಚ್ಚು ಒಂದೇ, ತರಕಾರಿ ಬೀಜ. ಮನೆ ಹಿಂದಿನ ಮರಳು ನೆಲದಲ್ಲಿ ಚದುರಪಯರ್ ಬೆಳೆಸುತ್ತಾಳೆ. ಕಾಯಿಯ ನಾಲ್ಕು ಅಂಚಿಗೂ ರೆಕ್ಕೆಯಿರುವ ಅವರೆ ಅದು. ಬೀಜ ಮಾರುವುದಿಲ್ಲ, ಹಂಚುತ್ತಾಳೆ. ಫೋನಿನಲ್ಲಿ ‘ಮನೆತೋಟ’ ಎಂಬ ಮೂವತ್ತೆಂಟು ಸಾವಿರ ಜನರ ಗುಂಪಿದೆ. ಬೀಜ ಬೇಕಾದವರು ತಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಕವರನ್ನು ಇನ್ನೊಂದು ಕವರಿನಲ್ಲಿ ಮಡಿಸಿ ಕಳಿಸಬೇಕು. ಇವಳು ಅದರಲ್ಲಿ ಹತ್ತು ಬೀಜ ಇಟ್ಟು, ಅಂಚೆಯ ಮುದ್ರೆ ಬಿದ್ದು ಒಡೆಯದಂತೆ ಎರಡೂ ಕಡೆ ಒಣ ಬಾಳೆಪಟ್ಟೆ ಕೊಟ್ಟು ಅಂಟಿಸುತ್ತಾಳೆ. ಎಣಿಸಿ ಕೊಡುವುದು ನೆರೆಮನೆಯ ನಾನು; ಅವಳು ನನ್ನನ್ನು ಅಮ್ಮಾಯಿ, ಅಂದರೆ ಅತ್ತೆ, ಎನ್ನುತ್ತಾಳೆ. ಒಂದರಲ್ಲೂ ಒಂಬತ್ತು ಹೋಗಿಲ್ಲ.

ಈ ಬಳ್ಳಿಗೊಂದು ಹಟವಿದೆ. ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ಜುಲೈ ಹೊತ್ತಿನ ಕರ್ಕಾಟಕದಲ್ಲಿ ಬಿತ್ತಿದರೆ ಅಕ್ಟೋಬರ್ ಹೊತ್ತಿನ ತುಲಾ ಮಾಸದಲ್ಲಿ ಹೂ. ಜನವರಿಯ ಮಕರದಲ್ಲೇ ಬಿತ್ತಿದರೂ ತುಲಾ ಮಾಸದಲ್ಲೇ ಹೂ. ಅಲ್ಲಿಯವರೆಗೆ ಬರೀ ಎಲೆ. ಮೊದಲೆಲ್ಲ ಅವಳು ಇದನ್ನು ಚೀಟಿಯಲ್ಲಿ ಬರೆದು ಇಡುತ್ತಿದ್ದಳು. ಯಾರೋ ಅಂಗಡಿಯವನು ಕವರಿನಲ್ಲಿ ಜಾಹೀರಾತು ತುರುಕಿದನೆಂದು ಅಡ್ಮಿನ್‌ಗಳು ‘ಬೀಜ ಮಾತ್ರ, ಚೀಟಿ ಕೂಡದು’ ಎಂದು ಕಾನೂನು ಮಾಡಿದರು. ಸರಿ ಎಂದು ವಿಲಾಸಿನಿ ಗುಂಪಿನಲ್ಲೇ ಬರೆದು ಹಾಕಿದಳು, ಹದಿನಾಲ್ಕು ಸಾಲು. ಎರಡನೇ ದಿನ ಅಳಿಸಿದ್ದರು. ಕಾರಣ ಕೇಳಿದರೆ ಉತ್ತರವಿಲ್ಲ.

ಆ ವರ್ಷದ ಮಕರದಲ್ಲಿ ಬೀಜ ಪಡೆದವರಲ್ಲಿ ಮೂವರು ಕೂಡಲೇ ಬಿತ್ತಿದರು. ಮೇ ತಿಂಗಳಿಗೆ ಬಳ್ಳಿ ಮಾಡು ಹತ್ತಿತು, ಹೂವಿಲ್ಲ. ದೂರು ಕೊಟ್ಟರು. ಮೇ ಹದಿನಾಲ್ಕರಂದು ಗುಂಪಿನ ಎಲ್ಲಕ್ಕಿಂತ ಮೇಲೆ ‘ನಕಲಿ ಬೀಜದವರು’ ಎಂಬ ಪಟ್ಟಿ ಬಂತು, ಅದರಲ್ಲಿ ವಿಲಾಸಿನಿಯ ಹೆಸರು, ಫೋಟೊ ಸಮೇತ. ಅವಳನ್ನು ಗುಂಪಿನಿಂದ ಹೊರಗೂ ಹಾಕಿದರು. ನಾವು ನೋಡಿದ್ದು ಅವಳ ನಾದಿನಿಯ ಫೋನಿನಲ್ಲಿ.

ದೊಡ್ಡ ಅಡ್ಮಿನ್ ತ್ರಿಶೂರಿನ ಪ್ರಸನ್ನನ್. ಅವನಿಗೆ ವಿಲಾಸಿನಿ ಫೋನ್ ಮಾಡಿದಳು. ಗುಂಪಿನವರಿಗೆಲ್ಲ ಅವಳು ಚೇಚಿ, ಅಂದರೆ ಅಕ್ಕ.

“ಸಾರೇ, ದೂರು ಕೊಟ್ಟೋರು ಯಾವ ತಿಂಗಳು ಬಿತ್ತಿದ್ರಂತೆ? ಅಷ್ಟು ಹೇಳಿ.”

“ಅದೆಲ್ಲ ಗುಟ್ಟು ಚೇಚಿ. ಕಮಿಟಿ ನೋಡಿ ತೀರ್ಮಾನ ಮಾಡಿದೆ.”

“ಕಮಿಟೀಲಿ ಯಾರ್ಯಾರು?”

“ಅದನ್ನೂ ಹೇಳಂಗಿಲ್ಲ.”

“ಅಳಿಸಿದ್ರಲ್ಲ ನನ್ನ ಹದಿನಾಲ್ಕು ಸಾಲು, ಅದನ್ನಾದ್ರೂ ತೋರ್ಸಿ.”

“ಅಳಿಸಿದ್ದು ಅಡ್ಮಿನ್‌ಗಳಿಗೆ ಮಾತ್ರ ಕಾಣೋದು.”

“ಅಂದ್ರೆ ಕೊಂದೋರೂ ನೀವೇ, ಹೆಣ ಬಚ್ಚಿಟ್ಟೋರೂ ನೀವೇ!”

ಅವನು ಫೋನ್ ಇಟ್ಟ.

ಕವರು ಬರುವುದು ನಿಂತೇ ಹೋಯಿತು. ಮೀನು ಮಾರುವ ಕೊಚ್ಚುತ್ರೇಸ್ಯ ಕೂಡ ಬೇಲಿಯಾಚೆಯಿಂದ ಕೇಳಿದಳು: “ಏನೇ ವಿಲಾಸಿನೀ, ಬೇಯಿಸಿದ ಬೀಜ ಕಳಿಸಿದ್ಯಂತೆ?”

ವಿಲಾಸಿನಿ ಬಕೆಟ್ಟಿನ ನೀರನ್ನು ಬೇಲಿಗೇ ಎರಚಿದಳು. “ಹೋಗೇ! ನಿನ್ನ ಮತ್ತಿ ಮೀನು ಎಷ್ಟು ದಿನ ಮಂಜುಗಡ್ಡೇಲಿ ಮಲಗಿತ್ತು ಅಂತ ನನ್ನ ಗಂಡಂಗೆ ಗೊತ್ತು!”

ಒಳಗೆ ಬಂದು ಅತ್ತಳು. “ಅಮ್ಮಾಯೀ, ತಪ್ಪಾಗಿದ್ರೆ ತಪ್ಪು ಅಂತೀನಿ. ಏನು ತಪ್ಪು ಅಂತ ಹೇಳ್ಬೇಕಲ್ವಾ?” ನಾನು ಪ್ರಸನ್ನನ್‌ನ ಹೆಸರು ಹಿಡಿದು ಬೈದೆ.

ಅಕ್ಟೋಬರ್ ಇಪ್ಪತ್ತಮೂರಕ್ಕೆ ಕಲ್ಲಿಕೋಟೆಯಿಂದ ಸುಹರಾ ಎಂಬವಳ ಫೋನ್. “ಚೇಚಿ, ದೂರು ಕೊಟ್ಟೋರಲ್ಲಿ ನಾನೂ ಒಬ್ಳು. ಇವತ್ತು ಬಳ್ಳಿ ತುಂಬಾ ನೀಲಿ ಹೂವು! ನನ್ನ ಬಾಯಿಗಿಷ್ಟು ಮಣ್ಣು ಹಾಕ.” ಅವಳು ಇದನ್ನೇ ಚಿತ್ರ ಸಮೇತ ಗುಂಪಿನಲ್ಲಿ ಬರೆದಳು. ಒಂಬತ್ತು ನಿಮಿಷದಲ್ಲಿ ಅಳಿಸಿದರು. ಎರಡು ದಿನ ಬಿಟ್ಟು ಪಟ್ಟಿಯಿಂದ ವಿಲಾಸಿನಿಯ ಹೆಸರು ಮಾಯ. ತಪ್ಪಾಯಿತೆಂಬ ಒಂದು ಮಾತಿಲ್ಲ.

ಆಮೇಲೆ ಪ್ರಸನ್ನನ್ ತಾನಾಗಿ ಫೋನ್ ಮಾಡಿದ. “ಹೆಸರು ತೆಗ್ದಿದೀವಿ ಚೇಚಿ, ವಾಪಸ್ ಬನ್ನಿ. ಹಳೇದ್ಯಾಕೆ ಕೆದಕೋದು?”

“ಐದು ತಿಂಗಳು ಹನ್ನೊಂದು ದಿನ ನನ್ನ ಮುಖ ಅಲ್ಲಿ ನೇತುಹಾಕಿದ್ರಿ. ನಾವು ತಪ್ಪು ಮಾಡಿದ್ವಿ ಅಂತ ಅದೇ ಜಾಗದಲ್ಲಿ ಅಷ್ಟೇ ದಿನ ಹಾಕಿ. ನನ್ನ ಹದಿನಾಲ್ಕು ಸಾಲೂ ಹಾಕಿ. ಬರ್ತೀನಿ.”

“ಗುಂಪಿನ ಮರ್ಯಾದೆ ಏನಾಗತ್ತೆ?”

“ನನ್ನದು ಏನಾಯ್ತೋ ಅದೇ ಆಗ್ಲಿ!”

ಅವರು ಹಾಕಲಿಲ್ಲ. ಇವಳು ಹೋಗಲಿಲ್ಲ.

ಮತ್ತೆ ಮಕರ ಬಂತು, ಬೀಜ ಒಣಗಿತು. ಸುಹರಾ ಹೇಳಿದ್ದನ್ನು ಕೇಳಿ ನಲವತ್ತೊಂದು ಮಂದಿ ನೇರವಾಗಿ ಕವರು ಕಳಿಸಿದರು. ಒಂದು ತ್ರಿಶೂರಿನದು. ವಿಳಾಸದಲ್ಲಿ ಹೆಂಗಸಿನ ಹೆಸರು. ಕೆಳಗಿನ ಫೋನ್ ನಂಬರು ಮಾತ್ರ ಪ್ರಸನ್ನನ್‌ದೇ.

“ಒಲೆಗೆ ಹಾಕು,” ಎಂದೆ.

“ಅವನ ಹೆಂಡ್ತಿ ಏನು ಮಾಡಿದ್ಲು ಅಮ್ಮಾಯಿ? ಎಣಿಸಿ.”

ಹಲ್ಲು ಕಚ್ಚಿಕೊಂಡು ಹತ್ತು ಎಣಿಸಿದೆ. ಉಳಿದ ಕವರುಗಳಿಗೆಲ್ಲ ಹೂ ಬಿಡುವ ಕಾಲ ತಿಳಿಸುವ ಎರಡು ಸಾಲಿನ ಚೀಟಿ ಇಟ್ಟಿದ್ದಳು. ಇದೊಂದಕ್ಕೆ ಮಾತ್ರ ಹದಿನಾಲ್ಕು ಸಾಲನ್ನೂ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು, ಮನೆ ನಂಬರು, ತಾರೀಖು ಹಾಕಿದಳು. ಹದಿನೈದನೆಯ ಸಾಲು ಹೊಸದು: ‘ಇದನ್ನು ಬರೆದವಳು ಯಾರು ಎಂಬುದು ಗುಟ್ಟಲ್ಲ.’ ಎರಡೂ ಕಡೆ ಬಾಳೆಪಟ್ಟೆ ಕೊಟ್ಟು ಅಂಟಿಸಿದಳು.