ತೆಳ್ಳಗಿನ ತೀರ್ಥ

ನಮ್ಮ ಮನೆಯವರು ಪುಣೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಸ್ತರರಾಗಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಚಹಾದ ಕಪ್ಪು ಕೈಗೆ ಬಂತೆಂದರೆ ಪಾಠ ಶುರು. "ದ್ರಾವ್ಯ ಕಡಿಮಿ ಬಿದ್ದದ," ಅನ್ನುವರು. ಅಂದರೆ ಸಕ್ಕರೆ ಸಾಲದು. ಕರಗುವುದು ದ್ರಾವ್ಯ, ಕರಗಿಸಿಕೊಳ್ಳುವುದು ದ್ರಾವಕ, ಎರಡೂ ಒಂದಾದರೆ ದ್ರಾವಣ. ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಇದನ್ನೆಲ್ಲ ಒಲೆಯ ಮುಂದೆ ನಿಂತೇ ಕಲಿತೆ.

"ಸಂಸಾರದಾಗ ನಾ ದ್ರಾವಕ, ನೀ ದ್ರಾವ್ಯ," ಅಂತ ಒಮ್ಮೆ ಚೇಷ್ಟೆ ಮಾಡಿದರು.

"ಅಂದ್ರ ಕರಗಾಕಿ ನಾ ಒಬ್ಬಾಕೀನ ಏನ್ರಿ? ನೀವು ಆರಾಮ ನಿಂತಿರಾವ್ರು?"

"ನೀ ಕರಗಿದ್ರ ಅಲ್ಲೇನ ನಾ ಸಿಹಿ ಆಗೂದು!"

ಹೋದ ವರ್ಷ ಶ್ರಾವಣದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಗಂಟಲು ನುಂಗುವುದನ್ನೇ ಮರೆಯಿತು. ನನ್ನ ಗುರುತು ಮಾತ್ರ ಉಳಿಯಿತು. ಅದನ್ನು ದೇವರ ಮುಂದೆ ಕೂತು ಮೊದಲ ಉಪಕಾರವೆಂದು ಎಣಿಸಿದೆ.

ಮಾತನ್ನೂ ನುಂಗುವುದನ್ನೂ ತಿರುಗಿ ಕಲಿಸಲು ಪುಣೆಯ ಅಂಚಿನ ವಾಕಡದಿಂದ ಒಬ್ಬ ಮರಾಠಿ ಹುಡುಗಿ ಮನೆಗೆ ಬರುತ್ತಿದ್ದಳು. "ಕಾಕೂ, ಪಾತಳ ಪಾಣೀ ಅಜಿಬಾತ ನಕೋ," ಅಂದಳು ಮೊದಲ ದಿನವೇ. ತೆಳ್ಳಗಿನ ನೀರು ಒಂದು ಹನಿಯೂ ಕೂಡದು, ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಇಳಿಯುತ್ತದೆ ಅಂತ. ಬಿಳಿ ಪುಡಿಯ ಡಬ್ಬಿಯೊಂದನ್ನು ಕೊಟ್ಟಳು. ನೀರಿರಲಿ, ಚಹಾ ಇರಲಿ, ಸಾರಿರಲಿ, ಅದನ್ನು ಹಾಕಿ ಕಲಸಿ ಜೇನುತುಪ್ಪದ ಹದಕ್ಕೆ ತಂದು ಚಮಚದಿಂದ ಕುಡಿಸಬೇಕು. ಮಾತಿಗೂ ಒಂದು ಉಪಾಯ ಹೇಳಿದಳು: ಜನ್ಮವಿಡೀ ಅವರು ಆಡಿದ ಶಬ್ದಗಳಿಂದಲೇ ಶುರು ಮಾಡಿರಿ.

ಹಾಗಾಗಿ ದಿನಾ ಮುಂಜಾನೆ ಅವರ ಮುಂದೆ ಗಾಜಿನ ಲೋಟ ಇಟ್ಟು ನಾನೇ ಮಾಸ್ತರಾದೆ. ನೀರಿಗೆ ಉಪ್ಪು ಹಾಕಿ ತಿರುವಿ, "ಇದೇನ್ರಿ?" ಅಂತ ಕೇಳುವುದು. ರಂಗೋಲಿ ಪುಡಿ ಹಾಕಿ ಕಲಕುವುದು. ಅದು ಕರಗದೆ ಮೆಲ್ಲಗೆ ತಳಕ್ಕಿಳಿಯುವುದನ್ನು ಇಬ್ಬರೂ ನೋಡುತ್ತ ಕೂಡುವುದು. ವಾರಗಟ್ಟಲೆ ಬರೀ ತುಟಿ ಅಲ್ಲಾಡಿತು. ಒಂದು ದಿನ ಅವರು ಕುಡಿಯುವ ನೀರಿಗೆ ಡಬ್ಬಿಯ ಬಿಳಿ ಪುಡಿ ಹಾಕಿ ತಿರುವುತ್ತ, "ಕರಗಿತು ನೋಡ್ರಿ," ಅಂದೆ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ನನಗೆ ತಿಳಿಯಲಿಲ್ಲವೆಂದು ಇನ್ನಷ್ಟು ಜೋರಾಗಿ ಅಲ್ಲಾಡಿಸಿದರು.

"ಮಿ... ಮಿಶ್ರಣ," ಅಂದರು.

ಕರಗಿದ್ದಲ್ಲ, ಬರೀ ಬೆರೆತದ್ದು ಅಂತ. ಹೆಂಡತಿಯ ತಪ್ಪು ತಿದ್ದಲೆಂದೇ ಮಾತು ತಿರುಗಿ ಬಂದಿತ್ತು. ಸೆರಗನ್ನು ಬಾಯಿಗೆ ಹಿಡಿದು ಅಡಿಗೆಮನೆಗೆ ಓಡಿದೆ. ಇದು ಇನ್ನೊಂದು ಉಪಕಾರ.

ಆದರೆ ತೀರ್ಥದ ವಿಷಯ ಹಾಗಾಗಲಿಲ್ಲ. ದೇವರ ತೀರ್ಥ ತೊಗೊಳ್ಳದೆ ಅವರು ಎಂದೂ ಚಹಾ ಮುಟ್ಟಿದವರಲ್ಲ. ಈಗಲೂ ಪೂಜೆಯ ಗಂಟೆ ಕೇಳಿದೊಡನೆ ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಮುಂದೆ ಚಾಚುವರು. ತೀರ್ಥಕ್ಕೂ ಪುಡಿ ಕಲಸಿ ಪುಟ್ಟ ಉದ್ಧರಣೆಯಿಂದ ಅಂಗೈಗೆ ಹಾಕಿದೆ. ಅದು ಹರಿಯಲಿಲ್ಲ. ಅಂಟಿನ ಹಾಗೆ ಬೆರಳ ಬುಡದಲ್ಲಿ ಕೂತಿತು. ಅವರು ಅದನ್ನು ಬಹಳ ಹೊತ್ತು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಾಯಿಗೆ ಹಾಕಿಕೊಳ್ಳದೆ ತಲೆಗೆ ಸವರಿಕೊಂಡರು. ದಿನಾ ಹೀಗೆಯೇ. ಕೈ ಚಾಚುವುದನ್ನು ಮಾತ್ರ ಬಿಡಲಿಲ್ಲ.

ದೀಪಾವಳಿಗೆ ವಿಜಯಪುರದಿಂದ ನನ್ನ ನಾದಿನಿ ಬಂದಳು. ಆ ಚಾಚಿದ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ವೈನಿ, ಡಾಕ್ಟರು ಬ್ಯಾಡ ಅಂದದ್ದು ನೀರು. ಇದು ತೀರ್ಥ. ತೀರ್ಥದಿಂದ ಯಾರಿಗರೆ ಕೆಟ್ಟ ಆಗ್ತದೇನ್ರಿ?"

"ಗಂಟಲಿಗೆ ಅದು ತಿಳಿಯೂದಿಲ್ಲವ್ವಾ," ಅಂದೆ.

ಮರುದಿನ ನಾನು ಸ್ನಾನಕ್ಕೆ ಹೋದಾಗ ತಾನೇ ಪೂಜೆ ಮುಗಿಸಿ, ಪುಡಿ ಹಾಕದ ತೀರ್ಥವನ್ನು ಅವರಿಗೆ ಕೊಟ್ಟುಬಿಟ್ಟಳು. ಕೆಮ್ಮು ಕೇಳಿ ಒದ್ದೆ ಸೀರೆಯಲ್ಲೇ ಹೊರಗೆ ಬಂದೆ. ಅವರ ಮುಖ ಕಪ್ಪಿಟ್ಟಿತ್ತು, ಉಸಿರು ಸಿಗುತ್ತಿರಲಿಲ್ಲ. ಸಂಜೆಗೆ ಜ್ವರ ಬಂತು. ಬೆಳಗಾಗುವುದರೊಳಗೆ ಆಸ್ಪತ್ರೆಯಲ್ಲಿದ್ದೆವು.

ಹೊರಗಿನ ಬೆಂಚಿನ ಮೇಲೆ ಕೂತು ನಾದಿನಿ ಹಣೆ ಬಡಿದುಕೊಂಡಳು. "ಅಣ್ಣಗ ನಾನ ಹಿಂಗ ಮಾಡಿದ್ನಲ್ರಿ ವೈನಿ!" ಅವಳ ಕೈ ಹಿಡಿದುಕೊಂಡೆ. ಅವಳನ್ನು ಹೇಗೆ ಬೈಯಲಿ? ತೀರ್ಥಕ್ಕೆ ಚಾಚಿದ ಅವರ ಕೈಯನ್ನು ಅವಳು ನೋಡಿದ್ದು ಒಂದೇ ದಿನ, ನಾನು ಎಷ್ಟೋ ದಿನ ನೋಡಿದ್ದೆ.

ಪುಪ್ಪುಸದ ತುಂಬ ಸೋಂಕು ಹಬ್ಬಿತ್ತು. ಕೊನೆಗೆ ಡಾಕ್ಟರು ನನ್ನನ್ನು ಕರೆದು, ಇನ್ನು ಅವರಿಗೆ ಇಷ್ಟವಾದದ್ದು ಏನಿದ್ದರೂ ಕೊಡಿ, ಅಂದರು. ಪುಡಿ ಹಾಕಬೇಕೇ ಅಂತ ಕೇಳಿದೆ. ಬೇಡ ಅಂದರು. ಅಷ್ಟರಿಂದಲೇ ನನಗೆ ಎಲ್ಲಾ ತಿಳಿಯಿತು.

ಮನೆಗೆ ಹೋಗಿ, ಮಿಂದು, ಪೂಜೆ ಮಾಡಿ, ತುಳಸಿ ಹಾಕಿದ ತೀರ್ಥವನ್ನು ತಾಮ್ರದ ಗಿಂಡಿಯಲ್ಲಿ ತಂದೆ. ಅವರ ಬಲಗೈ ಎತ್ತಿ ಹಿಡಿದು, ಬೆರಳುಗಳನ್ನು ನಾನೇ ಮಡಚಿ, ಹಾಕಿದೆ. ಅದು ಬೆರಳ ಸಂದಿಯಿಂದ ಹರಿದು ಹಾಸಿಗೆಯ ಮೇಲೆ ಬಿತ್ತು. ಒದ್ದೆ ಅಂಗೈಯನ್ನು ಅವರ ತುಟಿಗೆ ಹಚ್ಚಿದೆ. ತುಟಿ ಮೆಲ್ಲಗೆ ಹೀರಿತು.

"ಇದೇನ್ರಿ?" ಅಂದೆ, ದಿನಾ ಕೇಳುವ ಹಾಗೆ.

ಉತ್ತರ ಬರಲಿಲ್ಲ. ಕೆಮ್ಮೂ ಬರಲಿಲ್ಲ. ಅದನ್ನೂ ಉಪಕಾರವೆಂದು ಎಣಿಸಿಕೊಂಡೆ.